ವಾಸನೆ ಎಲ್ಲರಿಗೂ ಬಂದಿತ್ತು

ವಿಕ್ರೋಳಿಯ ಒಂದು ಚಾಳಿನ ಸಾಲು ಖೋಲಿಗಳಲ್ಲಿ ಬೆಳಗಾವಿ ಕಡೆಯವರೇ ಹೆಚ್ಚು. ಒಂದು ಬೆಳಿಗ್ಗೆ ಗಂಗುಬಾಯಿಯ ಮೂಗಿಗೆ ಗ್ಯಾಸಿನ ವಾಸನೆ ಬಡಿಯಿತು. ತನ್ನ ಒಲೆ ನೋಡಿದಳು, ಬಂದ್ ಇತ್ತು. ಹೊರಗೆ ಬಂದಳು. ನಲ್ಲಿಯ ಹತ್ತಿರ ಹೆಂಗಸರು ಕೊಡ ತುಂಬುತ್ತ ಹರಟುತ್ತಿದ್ದರು. ಯಾರ ಮುಖದಲ್ಲೂ ಗಾಬರಿಯಿಲ್ಲ. ಏನಾದರೂ ಇದ್ದಿದ್ದರೆ ಇವರು ಹೀಗೆ ನಿಂತಿರುತ್ತಿದ್ದರೇ ಎಂದುಕೊಂಡು ತಾನೂ ಸಾಲಿನಲ್ಲಿ ನಿಂತಳು.

ಸ್ವಲ್ಪ ಹೊತ್ತಿಗೆ ಪಕ್ಕದ ಖೋಲಿಯ ಹಾಲವ್ವ ಚಹಾಕ್ಕೆಂದು ಕಡ್ಡಿ ಗೀರಿದಳು. ನೆಗಡಿಯಾಗಿ ಅವಳಿಗೆ ವಾಸನೆಯೇ ಹತ್ತಿರಲಿಲ್ಲ. ಬಾಗಿಲು ಸಿಡಿದು ಹೊರಗೆ ಬಿತ್ತು. ವಾರ ತುಂಬುವ ಮೊದಲೇ ಆಸ್ಪತ್ರೆಯಲ್ಲಿ ಅವಳ ಜೀವ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ, ಅಂದು ನಲ್ಲಿಯ ಹತ್ತಿರ ನಿಂತಿದ್ದ ರಾಚವ್ವ ಅಂದಳು, "ಅವತ್ತ ನನಗೂ ವಾಸನಿ ಬಂದಿತ್ತವಾ."

"ನನಗೂ ಬಂದಿತ್ತ," ಅಂದಳು ಇನ್ನೊಬ್ಬಳು. ಗಂಗುಬಾಯಿಗೆ ಅಲ್ಲಿ ಕೂರಲಾಗಲಿಲ್ಲ.

ಮನೆಯಲ್ಲಿ ಗಂಡ ಶಿವಪುತ್ರ ಗದರಿದ. "ಆಕಿ ಹಣೆಬರಹ. ನೀ ಯಾಕ ಅಳ್ತಿ?"

ಮಾತಾಡಿಸಲು ಬಂದಿದ್ದ ಆರೋಗ್ಯ ಕಾರ್ಯಕರ್ತೆ ನೇತ್ರಾ ಸುಮ್ಮನಿರಲಿಲ್ಲ. "ಹಣೆಬರಹ ಅಲ್ರೀ ಅಣ್ಣಾ. ಅಕ್ಕ ಮಂದಿ ಮಾರಿ ನೋಡಿದ್ಳು, ಮಂದಿ ಅಕ್ಕನ ಮಾರಿ ನೋಡಿದ್ರು. ಒಳಗ ಎಲ್ಲಾರಿಗೂ ಅಂಜಿಕಿ, ಹೊರಗ ಏನೂ ಇಲ್ಲದಂಗ. ಒಬ್ಬಾಕಿನ ಇದ್ದಿದ್ರ ಓಡಿ ಹೋಗಿ ಬಾಗ್ಲಾ ಬಡೀತಿದ್ಳು. ಗುಂಪಿನ್ಯಾಗ ಮನಷ್ಯಾರ ಸ್ವಭಾವನ ಹಂಗ."

"ಸ್ವಭಾವ ಅಂದಮ್ಯಾಲ ತಪ್ಪ ಯಾರದೂ ಅಲ್ಲ, ಬಿಡು."

"ಗೊತ್ತಾದಮ್ಯಾಲೂ ಸುಮ್ನ ನಿಂತ್ರ ತಪ್ಪ ನಮ್ದ ಆಗ್ತೈತ್ರೀ."

"ಬಾಗ್ಲಾ ಬಡದು, ಒಳಗ ಏನೂ ಇಲ್ಲದಿದ್ರ? ಮಂದಿ ನಗೂದಿಲ್ಲನು?"

ಗಂಗುಬಾಯಿ ತಲೆ ಎತ್ತಿದಳು. "ನಗ್ಲಿ. ಹಾಲವ್ವ ಬದುಕಿದ್ರ ಆಕಿನೂ ನಗ್ತಿದ್ಳು."



ಮಳೆಗಾಲದಲ್ಲಿ ಒಮ್ಮೆ ಮತ್ತೆ ಏನೋ ವಾಸನೆ ಬಂತು. ಶಿವಪುತ್ರ ಬನಿಯನ್ನಿನಲ್ಲೇ ಓಡಿ ಎಲ್ಲರ ಬಾಗಿಲು ಬಡಿದ. ಯಾರೋ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದರು, ಅಷ್ಟೇ. ಚಾಳಿನವರು ಬಿದ್ದು ಬಿದ್ದು ನಕ್ಕರು. ಗಂಡ ಹೆಂಡತಿ ಇಬ್ಬರೂ ನಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಗ್ಯಾಸಿನ ವಾಸನೆ ಬಂದರೆ ಪಕ್ಕದವರ ಮುಖ ನೋಡುತ್ತ ನಿಲ್ಲಬೇಡಿ. ಕೂಗಿ ಹೇಳಿ. ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು ೧೯೦೬ಕ್ಕೆ ಫೋನ್ ಮಾಡಿ. ಸಹಾಯ ಬೇಕಾದರೆ "ಯಾರಾದರೂ ಬನ್ನಿ" ಎನ್ನಬೇಡಿ, ಎದುರಿಗಿದ್ದವರನ್ನು ಹೆಸರು ಹಿಡಿದು ಕರೆಯಿರಿ. ನಿಮ್ಮ ಅನುಮಾನ ಸುಳ್ಳಾದರೆ ಆಗಲಿ. ಇನ್ನೊಬ್ಬರು ಮೊದಲು ಏಳಲಿ ಎಂದು ಮಾತ್ರ ಕಾಯಬೇಡಿ. ಅವರೂ ನಿಮ್ಮನ್ನೇ ಕಾಯುತ್ತಿರುತ್ತಾರೆ.