ಬೇಸಿಗೆಯಲ್ಲಿ ಮೂರು ಸಲ ಕೇಳಿ

ಜುಲೈ ಬಂತೆಂದರೆ ಆ ಊರು ಬಿಕೋ ಎನ್ನುತ್ತದೆ. ಅಮೆರಿಕದ ಮಿನೆಸೋಟಾದ ಉತ್ತರದ ಕಡೆ ಬೇಸಿಗೆ ಅಂದರೆ ಅಷ್ಟೇ ತಾನೆ? ಅಂಗಡಿಗೆ ಬೀಗ ಜಡಿದು ಜನ ಕೆರೆಯ ದಂಡೆಯ ಮರದ ಮನೆ ಸೇರಿಬಿಡುತ್ತಾರೆ. ಹಣಕಾಸು ಸಲಹೆಗಾರ್ತಿ ಲೋರ್ನಾಳ ಕಚೇರಿಯಲ್ಲಿ ಬೆಳಗಿನಿಂದ ಫೋನು ಉಸಿರೆತ್ತಿರಲಿಲ್ಲ. ತೆರಿಗೆಯ ಗಲಾಟೆ ಏಪ್ರಿಲ್‌ನಲ್ಲೇ ಮುಗಿದಿತ್ತು.

"ಏನೇ, ನೊಣ ಹೊಡೀತಾ ಕೂತಿದ್ದೀಯಾ?" ಎನ್ನುತ್ತಾ ಬರ್ನೀಸ್ ಒಳಗೆ ಬಂದಳು. ಲೋರ್ನಾಳ ತಂದೆ ಅರ್ವಿಡ್ ಈ ಕಚೇರಿ ನಡೆಸುತ್ತಿದ್ದಾಗ ಪಕ್ಕದ ಬೀದಿಯಲ್ಲಿ ಇದೇ ಕೆಲಸ ಮಾಡುತ್ತಿದ್ದವಳು, ಈಗ ನಿವೃತ್ತೆ. ಹಿತ್ತಿಲಲ್ಲಿ ಬೆಳೆದ ಹುಳಿ ಹುಳಿ ರೂಬಾರ್ಬ್ ದಂಟಿನ ಕಟ್ಟು ಅವಳ ಕಂಕುಳಲ್ಲಿತ್ತು.

"ನೊಣಗಳೂ ಕೆರೆಗೆ ಹೋಗಿವೆ, ಬರ್ನೀಸತ್ತೆ. ಸೋಮವಾರ ಎಲ್ಮರ್ ಮಾವ ಬರ್ತಾರೆ, ಅವರದೊಂದು ಕೆಲಸ ಮುಗಿಸಿ ನಾನೂ ಬಾಗಿಲು ಹಾಕ್ಕೊಂಡು ಎಲ್ಲಾದ್ರೂ ಹೋಗ್ಬಿಡ್ತೀನಿ. ಬೇಸಿಗೇಲಿ ಯಾರಿಗೆ ಬೇಕು ನನ್ನ ಸಲಹೆ?"

"ಹೋಗಮ್ಮ, ಬೇಡ ಅಂದೋರ್ಯಾರು? ಆದ್ರೆ ನಿಮ್ಮಪ್ಪ ವರ್ಷದಲ್ಲಿ ಹೆಚ್ಚು ಕೆಲಸ ಮಾಡ್ತಿದ್ದಿದ್ದು ಜುಲೈನಲ್ಲೇ. ನೋಡಿದೋರಿಗೆ ಅದು ಕೆಲಸ ಅಂತ ಗೊತ್ತಾಗ್ತಿರ್ಲಿಲ್ಲ, ಅಷ್ಟೇ."

ಲೋರ್ನಾಳಿಗೆ ಅಪ್ಪನ ತಗಡಿನ ದೋಣಿ ನೆನಪಾಯಿತು. ಮುಂದುಗಡೆ ಅವಳು, ತೊಡೆಯ ಮೇಲೆ ಇಂಥದೇ ದಂಟಿನ ಕಟ್ಟು. ಹಿಂದೆ ಹುಲ್ಲಿನ ಟೋಪಿ ಹಾಕಿದ ಅಪ್ಪ. ಪೆಟ್ರೋಲಿನ ವಾಸನೆ, ಪಾಚಿಯ ವಾಸನೆ. ಒಂದು ದೋಣಿಕಟ್ಟೆಯಿಂದ ಇನ್ನೊಂದಕ್ಕೆ ಹೋಗುವುದು, ಕೂತು ಹರಟೆ ಹೊಡೆಯುವುದು. ಸುಮ್ಮನೆ ಸುತ್ತಾಡುತ್ತಿದ್ದೇವೆ ಎಂದೇ ಅವಳು ತಿಳಿದಿದ್ದಳು. ಎಂಥಾ ದಿನಗಳು ಅವು! ಅಪ್ಪ ಇರಬೇಕಿತ್ತು ಅನ್ನಿಸಿ ಅವಳಿಗೆ ಸಂಕಟವಾಯಿತು.

"ಎಲ್ಮರ್‌ದೇನು ಕೆಲಸ?" ಬರ್ನೀಸ್ ಕೇಳಿದಳು. ಎಲ್ಮರ್ ಅರ್ವಿಡ್‌ನ ಹಳೆಯ ಗೆಳೆಯ, ಅವನ ಉಳಿತಾಯವನ್ನು ಈಗ ಲೋರ್ನಾ ನೋಡಿಕೊಳ್ಳುತ್ತಿದ್ದಳು.

"ಇಟ್ಟಿದ್ದ ಹಣಾನೆಲ್ಲಾ ವಾಪಸ್ ತಗೊಳ್ತಾರಂತೆ. ಎಲ್ಲಾ ಸರಿ ಇದೆಯಾ ಅಂದೆ. ಸರಿ ಇದೆ ಅಂದ್ರು."

"ಎಷ್ಟು ಸಲ ಕೇಳಿದೆ?"

"ಒಂದ್ಸಲ."

ಬರ್ನೀಸ್ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಈ ಊರಲ್ಲೇ ಹುಟ್ಟಿದೋಳೇನೇ ನೀನು? ಕಾಫಿ ಕೊಡ್ಲಾ ಅಂದ್ರೆ ನಮ್ಮೋರು ಮೊದಲ್ನೇ ಸಲ ಬೇಡ ಅಂತಾರೆ, ಎರಡನೇ ಸಲ ಸುಮ್ನೆ ತೊಂದ್ರೆ ಯಾಕೆ ಅಂತಾರೆ. ಮೂರನೇ ಸಲ ಕೇಳಿದ್ಮೇಲೆ ತಾನೆ ಕಪ್ಪಿಗೆ ಕೈ ಹಾಕೋದು? ಕಾಫಿಗೇ ಇಷ್ಟು ಬಿಂಕ ಮಾಡೋರು ಮನಸ್ಸಿನ ಮಾತನ್ನ ಒಂದೇ ಸಲಕ್ಕೆ ಹೇಳ್ತಾರಾ? ಅವನ ಮನೆಗೇ ಹೋಗಿ ಮೂರು ಸಲ ಕೇಳು."

"ಕರೆಯದೆ ಹೋದ್ರೆ ವ್ಯಾಪಾರಕ್ಕೆ ಬಂದ್ಳು ಅಂದ್ಕೊಳ್ಳಲ್ವಾ?"

"ಬ್ಯಾಗ್ ಇಲ್ಲೇ ಬಿಟ್ಟು ಹೋಗು. ಈ ದಂಟು ತಗೊಂಡು ಹೋಗು. ಮಾರೋಕೆ ಏನೂ ಇಲ್ದೋಳನ್ನ ಯಾರು ಬೈತಾರೆ?"

ಲೋರ್ನಾಳಿಗೆ ಪೂರ್ತಿ ನಂಬಿಕೆಯೇನೂ ಬರಲಿಲ್ಲ. ಆದರೂ ಶನಿವಾರ ಕೊಟ್ಟಿಗೆಯಿಂದ ಅಪ್ಪನ ದೋಣಿ ಎಳೆದಳು. ಎಂಜಿನ್ನು ಮುದುಕನ ಹಾಗೆ ಕೆಮ್ಮಿ ಕೆಮ್ಮಿ ಕೊನೆಗೆ ಹೊರಟಿತು.

ತನ್ನ ದೋಣಿಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದ ಎಲ್ಮರ್ ಆ ಸದ್ದು ಕೇಳಿ ದಡಬಡ ಎದ್ದು ನಿಂತ. "ಅರ್ವಿಡ್! ಎಷ್ಟು ಹೊತ್ತು ಮಾರಾಯ ನಿಂದು?"

ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಎಲ್ಮರನೇ ಹೆಣಕ್ಕೆ ಹೆಗಲು ಕೊಟ್ಟಿದ್ದ.

"ರೀ, ಅದು ಅರ್ವಿಡ್ ಮಗಳು ಕಣ್ರೀ," ಎಂದಳು ಹೆಂಡತಿ ಡೊರೀನ್. "ಬಿಸಿಲಿಗೆ ಕಣ್ಣು ಮಂಜಾಗಿದೆ ಅವರಿಗೆ. ಬಾಮ್ಮ, ಕಾಫಿ ಕುಡಿ."

ಲೋರ್ನಾ ಬೇಡ ಅಂದಳು, ತೊಂದರೆ ಯಾಕೆ ಅಂದಳು, ಆಮೇಲೆ ಒಂದಿಷ್ಟು ದಂಟು ಡೊರೀನ್ ಕೈಗಿತ್ತು ಕಪ್ಪು ತೆಗೆದುಕೊಂಡಳು. "ಎಲ್ಮರ್ ಮಾವ, ಚೆನ್ನಾಗಿದ್ದೀರಾ?"

"ಚೆನ್ನಾಗಿಲ್ದೆ ಏನಮ್ಮ?"

ಮೀನಿನ ಮಾತಾಯಿತು. ಅಪ್ಪ ಒಮ್ಮೆ ಇದೇ ಕಟ್ಟೆಯಿಂದ ಟೋಪಿ ಸಮೇತ ನೀರಿಗೆ ಬಿದ್ದ ಕಥೆಯಾಯಿತು. ನಗು ನಿಂತ ಮೇಲೆ ಅವಳು ಮತ್ತೆ ಕೇಳಿದಳು. "ಎಲ್ಲಾ ವಾಪಸ್ ತಗೊಳ್ತೀನಿ ಅಂದ್ರಲ್ಲ, ಏನಾದ್ರೂ ತೊಂದ್ರೆನಾ?"

"ಮೀನು ಕಚ್ತಿಲ್ಲ, ಅದೇ ತೊಂದ್ರೆ."

ಕಚೇರಿಯಲ್ಲಾಗಿದ್ದರೆ ಅವಳು ಇಲ್ಲಿಗೇ ಬಿಡುತ್ತಿದ್ದಳು. "ಮಾವ, ಇಲ್ಲಿ ಅಪ್ಪ ಕೂತಿದ್ದಿದ್ರೆ ಏನು ಹೇಳ್ತಿದ್ರಿ?"

ಎಲ್ಮರ್ ಗಾಳ ಎಳೆದು ಪಕ್ಕಕ್ಕಿಟ್ಟ. "ನಂಗೆ ಮರೆವು ಜಾಸ್ತಿ ಆಗ್ತಿದೆ ಕಣಮ್ಮ. ನಿನ್ನೆ ಮನೆ ದಾರೀನೇ ತಪ್ತು. ಯಾರೋ ಒಬ್ಬ ಹುಡುಗ ದಿನಾ ಫೋನ್ ಮಾಡ್ತಾನೆ. ಒಳ್ಳೆ ಮಾತು. ನಿಮ್ಮ ಹಣಕ್ಕೆ ಅಪಾಯ ಇದೆ, ನಾನು ಹೇಳಿದ ಕಡೆ ಕಳ್ಸಿ, ಹೆಂಡ್ತಿಗೂ ಹೇಳ್ಬೇಡಿ ಅಂದ."

"ನನಗೆ ಹೇಳಬಾರದಂತಾ?" ಡೊರೀನ್ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ನಿಮ್ಮ ಗೊರಕೆಗೇ ಹೆದರದೋಳು ನಿಮ್ಮ ಮರೆವಿಗೆ ಹೆದರ್ತೀನಾ?"

"ಮನೆಯೋರಿಗೆ ಹೇಳ್ಬೇಡಿ ಅಂದ್ರೆ ಅವನು ಕಳ್ಳನೇ ಮಾವ," ಲೋರ್ನಾ ಅವನ ಕೈ ಹಿಡಿದಳು. "ಏನೂ ಕಳ್ಸೋದು ಬೇಡ. ಮೊದಲು ಡಾಕ್ಟರ ಹತ್ರ ಹೋಗಿ. ಇನ್ನೊಂದು ವಿಷಯ. ನಂಬಿಕೆಯವರು ಒಬ್ರ ಹೆಸರು ಕೊಡಿ. ನಂಗೆ ಏನಾದ್ರೂ ಅನುಮಾನ ಬಂದ್ರೆ ಅವರಿಗೆ ತಿಳಿಸ್ತೀನಿ. ಅಷ್ಟರಿಂದ ನಿಮ್ಮ ಹಣ ಮುಟ್ಟೋ ಅಧಿಕಾರ ಅವರಿಗೆ ಬರಲ್ಲ."

"ಮಗಳು ಪ್ಯಾಟಿ," ಎಂದ ಎಲ್ಮರ್. ಆ ಹೆಸರು ಅವನು ಮರೆತಿರಲಿಲ್ಲ.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಡೊರೀನ್ ಹೋಗಿ ಎತ್ತಿದಳು. "ನಾನು ಎಲ್ಮರ್ ಹೆಂಡ್ತಿ ಮಾತಾಡ್ತಿರೋದು. ನಂಗೆ ಹೇಳ್ಬಾರ್ದು ಅಂದಿದ್ಯಂತಲ್ಲಪ್ಪ, ಅದೇನು ಹೇಳು ನೋಡೋಣ!" ಆ ಕಡೆಯವನು ಫೋನಿಟ್ಟ.

ಹೊರಡುವಾಗ ಎಲ್ಮರನೇ ದೋಣಿಯ ಹಗ್ಗ ಬಿಚ್ಚಿದ. "ಅರ್ವಿಡ್‌ಗೆ ಹೇಳು..." ಎಂದು ತಡವರಿಸಿ ನಿಂತ. ಆಮೇಲೆ ನಕ್ಕ. "ಇಲ್ಲ. ನೀನು ಬಂದ್ಯಲ್ಲ, ಸಾಕು."

ಲೋರ್ನಾ ಮನೆ ಕಡೆ ದೋಣಿ ತಿರುಗಿಸಲಿಲ್ಲ. ಪಕ್ಕದ ಕಟ್ಟೆಯ ಕಡೆ ಹೋದಳು. ದಂಟು ಇನ್ನೂ ಉಳಿದಿತ್ತು.

ಸಲಹೆಗಾರರೇ, ಬೇಸಿಗೆಯಲ್ಲಿ ಫೋನು ಸುಮ್ಮನಿದೆಯೆಂದು ಎಲ್ಲರೂ ಸುಖವಾಗಿದ್ದಾರೆ ಎಂದುಕೊಳ್ಳಬೇಡಿ. ರಜೆ ಹಾಕಿ, ತಪ್ಪಿಲ್ಲ. ಅದಕ್ಕೆ ಮೊದಲು ಬ್ಯಾಗು ಬಿಟ್ಟು ಒಂದಷ್ಟು ಮನೆಗೆ ಹೋಗಿ ಬನ್ನಿ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ. ನಂಬಿಕೆಯವರ ಹೆಸರು ಕೇಳಿಟ್ಟುಕೊಳ್ಳಿ. ಮನೆಯವರೇ, ನಿಮಗೂ ಒಂದು ಮಾತು. ಕಾಫಿಗೆ ಎಷ್ಟು ಬೇಕಾದರೂ ಬಿಂಕ ಮಾಡಿ, ಆದರೆ ಕಷ್ಟವನ್ನು ಮೂರನೇ ಸಲವಾದರೂ ಹೇಳಿಬಿಡಿ. ಕೇಳುವವರು ಬಂದಿದ್ದಾರೆ.