ಖಾಲಿ ಟಾಕಿಯ ಸಿಟ್ಟು

ನಾನು ಒಂದು ಪೆಟ್ರೋಲ್ ಟಾಕಿ. ಕಾರ್ಖಾನೆಯವರು ಎರಡು ತಗಡುಗಳನ್ನು ಬಗ್ಗಿಸಿ, ಅಂಚಿಗೆ ಅಂಚು ಬೆಸೆದು, ಕೆಂಪು ಬಣ್ಣ ಬಳಿದು ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿದರು. ಮೊದಲ ಯಜಮಾನ ಒಬ್ಬ ಲೈನ್‌ಮನ್. ಹನ್ನೊಂದು ವರ್ಷ ಇಕ್ಕಳ, ಸುತ್ತಿಗೆ, ತಂತಿಸುರುಳಿ ಎಲ್ಲವನ್ನೂ ನನ್ನ ತಲೆಯ ಮೇಲೇ ಇಟ್ಟ. ನಾನೇನು ಅವನ ಮನೆ ಕಪಾಟೇ? ಆದರೂ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಎರಡನೆಯವನ ಮೇಲೆ, ಬೆಟಗೇರಿಯ ಗುರುಶಾಂತನ ಮೇಲೆ.

ಗುರುಶಾಂತ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕಾರಕೂನ. ಗಾಡಿ ರಿಪೇರಿ ತನಗೆ ನೀರು ಕುಡಿದಷ್ಟು ಸುಲಭ ಎನ್ನುತ್ತಿದ್ದ. ಒಂದು ದಸರೆಗೆ ನನ್ನ ಬೆಸುಗೆ ಬಿಟ್ಟು ಹನಿ ಜಿನುಗತೊಡಗಿತು. ಹಬ್ಬದ ಹಿಂದಿನ ದಿನ ಮನೆಯಂಗಳದಲ್ಲೇ ನನ್ನನ್ನು ಬಿಚ್ಚಿದ. ಬಿಚ್ಚಿದ್ದು ಸರಿಯಾಗಿಯೇ, ಸುಳ್ಳು ಹೇಳಬಾರದು. ಎಂಜಿನ್ ಆರಲು ಬಿಟ್ಟ, ಬ್ಯಾಟರಿ ತಂತಿ ಕಳಚಿದ, ನಲ್ಲಿ ಮುಚ್ಚಿ ಪೈಪು ತೆಗೆದ, ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿ ದೂರ ಇಟ್ಟ. ಆಮೇಲೆ ನನ್ನ ಮುಚ್ಚಳ ತೆಗೆದು, ಒಣಗಲಿ ಎಂದು ಗೋಣಿಚೀಲದ ಮೇಲೆ ಕೂರಿಸಿದ. ಕೆಲಸ ಮುಗಿಯಿತು ಅಂದುಕೊಂಡ ಮಹಾಶಯ!

ಅವನ ಹೆಂಡತಿ ಕಸ್ತೂರಿಯ ತವರಲ್ಲಿ ಸೀಮೆಎಣ್ಣೆ ಡಿಪೋ ಇತ್ತು. ಅಲ್ಲಿ ಖಾಲಿ ಡಬ್ಬದ ಹತ್ತಿರವೂ ಬೀಡಿ ಹಚ್ಚಲು ಯಾರಿಗೂ ಬಿಡುತ್ತಿರಲಿಲ್ಲ. ಟಾಕಿಯ ವಾಸನೆ ಹೋಗಿಲ್ಲ ಎಂದು ಅವಳು ಎರಡು ಸಲ ಹೇಳಿದಳು. ಖಾಲಿ ಐತಿ, ನಿನಗೇನು ತಿಳೀತೈತಿ ಎಂದು ಇವನು ಬಾಯಿ ಮುಚ್ಚಿಸಿದ.

ಮರುದಿನ ಆಯುಧ ಪೂಜೆ. ರುಂಡವಿಲ್ಲದ ಗಾಡಿಗೆ ಪೂಜೆ ಮಾಡುವುದು ಹೇಗೆ ಎಂದು ಅವನ ತಾಯಿ ಫಕೀರವ್ವ ನನ್ನನ್ನೇ ಮಣೆಯ ಮೇಲಿರಿಸಿ, ವಿಭೂತಿ ಬಳಿದು, ಚೆಂಡುಹೂ ಏರಿಸಿದಳು. ಕರ್ಪೂರ ಹಚ್ಚಿದಳು. ಮುದುಕಿಯ ಕಣ್ಣು ಮಂಜು. ಉರಿಯುವ ತಟ್ಟೆಯನ್ನು ನನ್ನ ತೆರೆದ ಬಾಯಿಯ ಕಡೆಗೇ ತರತೊಡಗಿದಳು. ನನ್ನ ಹೊಟ್ಟೆ ತುಂಬ ಕಣ್ಣಿಗೆ ಕಾಣದ ಪೆಟ್ರೋಲ್ ಆವಿ. ಅಯ್ಯೋ ನಿಲ್ಲೇ ಎಂದು ಕೂಗಲು ನನಗೆ ನಾಲಿಗೆ ಎಲ್ಲಿದೆ? ಗುರುಶಾಂತ ಕೈಮುಗಿದು ನಿಂತಿದ್ದ.

ಕಸ್ತೂರಿ ಓಡಿಬಂದು, ನೀರು ತುಂಬಿದ ಬಕೆಟ್ಟನ್ನೇ ಎತ್ತಿ ಎರಚಿದಳು. ಆರತಿ ಆರಿತು, ಮುದುಕಿ ತೊಯ್ದು ತೊಪ್ಪೆಯಾದಳು. ಹಬ್ಬದ ದಿನ ಆರತಿ ಆರಿಸಿದವಳು ಇನ್ನು ತನ್ನ ದೇವರಮನೆಯ ಹೊಸ್ತಿಲು ದಾಟಕೂಡದು ಎಂದು ಫಕೀರವ್ವ ಅಲ್ಲೇ ಆಣೆ ಇಟ್ಟಳು.

ಮಾರನೆಯ ದಿನ ಗುರುಶಾಂತ ನನ್ನನ್ನು ಓಣಿಯ ಮೆಕ್ಯಾನಿಕ್ ದಾವಲಸಾಬನ ಬಳಿಗೆ ಒಯ್ದು ನಡೆದದ್ದನ್ನು ಹೇಳಿದ. ದಾವಲಸಾಬನ ಮುಖ ಬಿಳಿಚಿತು.

“ತುಂಬಿದ ಟಾಕಿ ಉರೀತೈತಿ, ಖಾಲಿ ಟಾಕಿ ಸಿಡೀತೈತಿ. ಆ ಹೆಣ್ಮಗಳು ನಿಮ್ಮವ್ವನ ಜೀವ ಉಳಿಸ್ಯಾಳ. ಮೊದಲ ಮನಿಗೆ ಹೋಗಿ ಅದನ್ನ ಹೇಳು.”

ಅವನು ನನ್ನನ್ನು ಸೋಪಿನ ನೀರಲ್ಲಿ ಮತ್ತೆ ಮತ್ತೆ ತೊಳೆದು, ನೀರು ತುಂಬಿಸಿಟ್ಟುಕೊಂಡೇ ಬೆಸುಗೆ ಹಾಕಿದ. ಗುರುಶಾಂತ ಮನೆಗೆ ತಂದು, ಚೆನ್ನಾಗಿ ಒಣಗಿಸಿ, ಹೊಸ ರಬ್ಬರು ಇಟ್ಟು ಕೂರಿಸಿದ. ಹೊಸ ಪೈಪಿಗೆ ಕ್ಲಿಪ್ಪು ಬಿಗಿದು, ಸ್ವಲ್ಪವೇ ಪೆಟ್ರೋಲು ಹಾಕಿ ಹನಿ ಬೀಳುತ್ತದೆಯೋ ಎಂದು ನೋಡಿ, ಕೊನೆಗೆ ಬ್ಯಾಟರಿ ತಂತಿ ಜೋಡಿಸಿದ. ಎಲ್ಲವೂ ಕ್ರಮವಾಗಿ! ತಾಯಿಗೆ ಹೇಳಬೇಕಾದ ಆ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ತಪ್ಪು ತನ್ನದೆಂದು ಒಪ್ಪಬೇಕಿತ್ತಲ್ಲ, ಹೇಡಿ.

ನಾಲ್ಕು ವರ್ಷ ಕಸ್ತೂರಿ ಎಡೆಯ ತಟ್ಟೆಯನ್ನು ಹೊಸ್ತಿಲ ಹೊರಗಿನಿಂದಲೇ ಚಾಚಿದಳು. ಅಂಗಳದಲ್ಲಿ ನಿಂತು ನಾನು ಅದನ್ನು ನೋಡಿದೆ. ಕಾದ ಎಂಜಿನ್ನಿನ ಮೇಲೆ ಕುಳಿತಾಗಲೂ ನನಗೆ ಅಷ್ಟು ಬಿಸಿ ಏರಿರಲಿಲ್ಲ.

ಆಮೇಲೆ ಗಾಡಿ ದಾವಲಸಾಬನ ಪಾಲಾಯಿತು. ಬಿಡಿಭಾಗಗಳೆಲ್ಲ ಹಂಚಿಹೋಗಿ, ತುಕ್ಕು ಹಿಡಿದ ನಾನು ಅವನ ಅಂಗಡಿಯ ಮೂಲೆಯಲ್ಲಿ ಉಳಿದೆ. ಈ ವಯಸ್ಸಲ್ಲಿ ನನಗೆ ತಿಳಿದದ್ದು ಇಷ್ಟು: ನನ್ನಂಥವರನ್ನು ತೊಳೆಯಲು ಸೋಪು ಸಾಕು, ಗಂಡಸಿನ ಒಣ ಪ್ರತಿಷ್ಠೆಗೆ ಯಾವ ಸೋಪೂ ಇಲ್ಲ.

ಈ ದಸರೆಗೆ ಎರಡು ದಿನ ಮುಂಚೆ ಫಕೀರವ್ವ ಸಂತೆಯಿಂದ ಬರುತ್ತ ಅಂಗಡಿಯ ನೆರಳಿಗೆ ಕುಳಿತಳು. ನನ್ನನ್ನು ಕಂಡು, ಇದು ನಮ್ಮ ಮನೆಯ ದರಿದ್ರ ಟಾಕಿಯಲ್ಲವೇ ಎಂದಳು. ಅವಳಿಗೆ ಏನೂ ಗೊತ್ತಿಲ್ಲವೆಂದು ದಾವಲಸಾಬನಿಗೆ ಅರ್ಥವಾದದ್ದು ಆಗಲೇ. ಎಲ್ಲವನ್ನೂ ಬಿಡಿಸಿ ಹೇಳಿದ.

ಮುದುಕಿ ಹೂವಿನ ಚೀಲವನ್ನು ಕೆಳಗಿಟ್ಟು ಅವನ ಕಡೆ ತಿರುಗಿದಳು.

“ನನ್ನ ಮಗಗ ಇದು ಗೊತ್ತಿತ್ತೇನು?”

“ಹಬ್ಬದ ಮರುದಿನಾನ ಹೇಳೀನಿ, ಯವ್ವಾ.”

ಫಕೀರವ್ವ ಹೂವಿನ ಚೀಲ ಎತ್ತಿಕೊಂಡು ಎದ್ದಳು.

“ಈ ಸಲ ಆರತಿ ಕಸ್ತೂರಿ ಎತ್ತತಾಳ. ಹೊಸ್ತಿಲ ಹೊರಗ ಅಂವ ನಿಲ್ಲಲಿ.”