ಕಾಗದದಲ್ಲಿಲ್ಲದ ಪದಕ

ಎರಡನೇ ಪದಕದ ಪಿನ್ನು ಕೋಟಿನ ಬಟ್ಟೆಗೆ ಸಿಕ್ಕಿಕೊಂಡು ಬರಲೊಲ್ಲದು. ಆರ್ಡಿಸ್ ಶವಪೆಟ್ಟಿಗೆಯ ಮೇಲೆ ಬಗ್ಗಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಉಗುರಿನಿಂದ ಮೀಟುತ್ತಿದ್ದಳು. ಗಂಡ ಡೆಲ್ಮರ್ ಬದುಕಿದ್ದಾಗಲೂ ಅವನ ಕೋಟನ್ನು ಅವಳೇ ಸರಿಮಾಡಬೇಕಿತ್ತು. ಆಗೆಲ್ಲ ಅವನು ಒಂದು ಕಡೆ ನಿಲ್ಲುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

"ಅಮ್ಮಾ, ಏನ್ ಮಾಡ್ತಿದೀಯ? ಬಿಡು ಅದನ್ನ!" ಮಗಳು ಕಾರ್ಲಾ ಓಡಿಬಂದಳು. ಬೆಳಿಗ್ಗೆ ಯಾರೂ ಇಲ್ಲದಾಗ ಆ ಎರಡು ಪದಕಗಳನ್ನು ಅಪ್ಪನ ಎದೆಗೆ ಚುಚ್ಚಿದ್ದವಳು ಅವಳೇ.

"ಓರಿನ್ ಬರೋ ಹೊತ್ತಾಯ್ತು. ನೋಡಿದ್ರೆ ಜನರ ಮುಂದೇನೇ ತೆಗಿ ಅಂತಾನೆ. ಅದಕ್ಕಿಂತ ನಾನೇ ತೆಗೆಯೋದು ವಾಸಿ."

"ಅಪ್ಪನ ಪದಕ ಅಪ್ಪನ ಎದೆ ಮೇಲಿರೋಕೆ ಓರಿನ್ ಅಪ್ಪಣೆ ಬೇಕಾ?"

ಬೇಕಿತ್ತು. ವಿಸ್ಕಾನ್ಸಿನ್ನಿನ ಆ ಊರಿನಲ್ಲಿ ಮಾಜಿ ಸೈನಿಕರ ಸಂಘಕ್ಕೆ ಓರಿನ್ ಮುಖ್ಯಸ್ಥ. ಸೈನ್ಯದಲ್ಲಿದ್ದವನು ಯಾರೇ ಸತ್ತರೂ ಗುಂಡಿಯ ಪಕ್ಕ ನಿಂತು, ಸೈನ್ಯ ಬಿಡುವಾಗ ಅವನಿಗೆ ಕೊಟ್ಟ ಬಿಡುಗಡೆ ಕಾಗದ ಹಿಡಿದು, ಹೆಸರು, ಹುದ್ದೆ, ಪದಕಗಳನ್ನು ಗಟ್ಟಿಯಾಗಿ ಓದುವುದು ಅವನ ಕೆಲಸ. ಆಮೇಲೆ ಸಂಘದ ಮುದುಕರು ಆಕಾಶಕ್ಕೆ ಗುಂಡು ಹಾರಿಸುತ್ತಾರೆ. ಕಾಗದದಲ್ಲಿದ್ದದ್ದನ್ನು ಓದುತ್ತಾನೆ, ಇಲ್ಲದ್ದನ್ನು ಓದುವುದಿಲ್ಲ. ಒಮ್ಮೆ ಪಕ್ಕದೂರಿನವನೊಬ್ಬ ತನ್ನದಲ್ಲದ ಪದಕ ತೂಗಿಸಿಕೊಂಡು ಮೆರವಣಿಗೆಗೆ ಬಂದಿದ್ದ. ಅವನಿಗೆ ಆಮೇಲೆ ಕ್ಷೌರದಂಗಡಿಯಲ್ಲೂ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ.

ಡೆಲ್ಮರನ ಕಾಗದದಲ್ಲಿ ಕೆಲಸ ಅಡುಗೆಯವನು ಅಂತಿತ್ತು. ಪದಕ ಒಂದೇ, ಆ ಕಾಲದಲ್ಲಿ ಸಮವಸ್ತ್ರ ತೊಟ್ಟವರಿಗೆಲ್ಲ ಕೊಟ್ಟದ್ದು. ಶೌರ್ಯಕ್ಕೆ ಕೊಟ್ಟ ಬ್ರಾಂಝ್ ಸ್ಟಾರ್, ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಎರಡೂ ಅಲ್ಲಿರಲಿಲ್ಲ. ಅವು ಇದ್ದದ್ದು ಅವನ ಮೀನಿನ ಗಾಳದ ಪೆಟ್ಟಿಗೆಯ ತಳದಲ್ಲಿ.

ಅವನ್ನು ಕಂಡ ದಿನದಿಂದ ಕಾರ್ಲಾ ಸೈನ್ಯದ ಕಚೇರಿಗೆ ಬರೆದದ್ದೇ ಬರೆದದ್ದು. ದಾಖಲೆ ಸಿಗುತ್ತಿಲ್ಲ, ಕಣ್ಣಾರೆ ಕಂಡವರಿಬ್ಬರ ಹೇಳಿಕೆ ಬೇಕು ಎಂದು ಉತ್ತರ ಬಂತು. ಕಂಡವರಲ್ಲಿ ಒಬ್ಬ ತೀರಿಕೊಂಡಿದ್ದ, ಇನ್ನೊಬ್ಬ ವೃದ್ಧಾಶ್ರಮದಲ್ಲಿ ಹೆಂಡತಿಯನ್ನೇ ಗುರುತಿಸುತ್ತಿರಲಿಲ್ಲ. ಬೇರೆ ದಾರಿಯೂ ಇತ್ತು. ಡೆಲ್ಮರ್ ತಾನೇ ನಡೆದದ್ದೆಲ್ಲ ವಿವರವಾಗಿ ಬರೆದು, ಸಂಘದ ಮೂಲಕ ಅರ್ಜಿ ಕಳಿಸಬಹುದಿತ್ತು. ಅವನು ಪೆನ್ನು ಮುಟ್ಟಲಿಲ್ಲ. "ಬಿಡೇ ಮಗಳೇ, ನಾನು ಅಡುಗೆಯವನೇ ತಾನೆ," ಎಂದು ನಕ್ಕುಬಿಟ್ಟ.

ಸಂಘದ ಬಾರಿನಲ್ಲೂ ಹಾಗೇ ನಗುತ್ತಿದ್ದ. "ಏನಯ್ಯಾ ಡೆಲ್ಮರ್, ಯುದ್ಧದಲ್ಲಿ ಎಷ್ಟು ಆಲೂಗಡ್ಡೆ ಕೊಂದೆ?" ಎಂದು ಓರಿನ್ ಕೇಳಿದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ಕಾರ್ಲಾ ಚಿಕ್ಕಂದಿನಿಂದ ಆ ನಗು ಕೇಳಿ ಬೆಳೆದವಳು, ಅವಳಿಗೆ ಅದು ಹಿಡಿಸುತ್ತಿರಲಿಲ್ಲ.

"ಅಪ್ಪ ಹೋದ್ಮೇಲೆ ಅರ್ಜಿ ಹಾಕೋ ಹಕ್ಕು ನಿಂದು," ಎಂದಳು ಈಗ. "ಕಾಗದ ಯಾಕೆ ಹಾಗಿದೆ ಅಂತ ನಿಂಗೊತ್ತು. ಕೇಳಿದಾಗೆಲ್ಲ ಬಾಯಿಗೆ ಬೀಗ ಹಾಕ್ಕೋತೀಯ. ಇವತ್ತೂ ಆ ಮನುಷ್ಯ ಅಡುಗೆಯವನು ಅಂತ ಓದಿ ಮುಗಿಸ್ತಾನೆ, ನಾವು ಮಣ್ಣು ಹಾಕಿ ಬರ್ತೀವಿ. ಅಷ್ಟೇ ಅಲ್ವಾ?"

ಪಿನ್ನು ಕೊನೆಗೂ ಬಿಟ್ಟುಕೊಂಡಿತು. ಆರ್ಡಿಸ್ ಪದಕಗಳನ್ನು ಕೈಚೀಲಕ್ಕೆ ಹಾಕಿಕೊಂಡಳು. ಮಗಳ ಮಾತು ಸರಿಯಾಗಿತ್ತು, ಅದಕ್ಕೇ ಅವಳಿಗೆ ಸಿಟ್ಟು ಬಂತು.

*

ಮದುವೆಗೆ ಮುಂಚೆ, ಡೆಲ್ಮರ್ ಯುದ್ಧದಿಂದ ಮರಳಿದ ವರ್ಷ. ಅದೊಂದು ಗುರುವಾರದ ಸಂಜೆ. ಅಪ್ಪನ ಕೊಟ್ಟಿಗೆಯಲ್ಲಿ ಹಾಲಿನ ಕ್ಯಾನು ತಿಕ್ಕುತ್ತಿದ್ದ ಆರ್ಡಿಸ್ ತಲೆಯೆತ್ತಿದರೆ ಬಾಗಿಲಲ್ಲಿ ಡೆಲ್ಮರ್, ಹೆಗಲಿಗೆ ಸೈನ್ಯದ ಚೀಲ.

"ನೀನಾ? ನೀವೆಲ್ಲ ಭಾನುವಾರ ಬರೋದು ಅಂದಿದ್ರು ನಿಮ್ಮಮ್ಮ!"

"ಭಾನುವಾರ ಬಂದು ಏನ್ ಮಾಡ್ಲಿ? ಓರಿನ್ ಮದುವೆ ಆಗ್ತೀಯಾ ಅಂತ ಕೇಳಿದಾನೆ, ಶನಿವಾರ ಉತ್ತರ ಹೇಳ್ತೀನಿ ಅಂತ ನೀನೇ ಬರೆದಿದ್ದೆಯಲ್ಲ."

ಕ್ಯಾನು ಬೋರಲು ಹಾಕಿ ಅದರ ಮೇಲೆ ಕೂತು ಹೇಳಿದ. ಗುಡ್ಡದ ಮೇಲಿನ ತುಕಡಿಗೆ ಬಿಸಿ ಊಟ ಒಯ್ಯುತ್ತಿದ್ದಾಗ ಎರಡು ಕಡೆಯಿಂದ ಗುಂಡು ಬಂತಂತೆ. ಇವನು ಸೂಪಿನ ಡಬರಿಗಳನ್ನೆಲ್ಲ ರಸ್ತೆಗೆ ಸುರಿದು, ಗಾಯಗೊಂಡವರನ್ನು ಲಾರಿಗೆ ತುಂಬಿಕೊಂಡು ಇಳಿದನಂತೆ. ಉಳಿದವರಿಗಾಗಿ ಮತ್ತೆ ಗುಡ್ಡ ಹತ್ತಿದಾಗ ಇವನ ಹೆಗಲಿಗೂ ಗುಂಡು ಬಿತ್ತು. ಆಸ್ಪತ್ರೆಯ ಹಾಸಿಗೆಗೇ ಅಧಿಕಾರಿಯೊಬ್ಬ ಬಂದು ಎರಡು ಪದಕ ಕೊಟ್ಟುಹೋದ. ಆದರೆ ಬಿಡುಗಡೆಯ ದಿನ ಗುಮಾಸ್ತನ ಹತ್ತಿರ ಆ ಪದಕಗಳ ಆದೇಶಪತ್ರವೇ ಬಂದಿರಲಿಲ್ಲ.

"ತರಿಸ್ತೀನಿ, ಶನಿವಾರದ ತನಕ ಇರು ಅಂದ. ಕಾಗದಕ್ಕೆ ಸೇರಿಸೋದು ಏನೂ ಇಲ್ಲ ಅಂತ ಸಹಿ ಹಾಕಿದ್ರೆ ಸಂಜೆ ಬಸ್ಸಿಗೇ ಹೋಗು ಅಂದ. ಹಾಕಿದೆ." ಅವನು ಬೂಟಿನ ಮಣ್ಣು ಕೆರೆದ. "ಓರಿನ್‌ಗೆ ಏನಂತಿದ್ದೆ?"

"ಹೂಂ ಅಂತ."

ಡೆಲ್ಮರ್ ಎದ್ದು ಕ್ಯಾನನ್ನು ಅದರ ಜಾಗಕ್ಕಿಟ್ಟ. ಆಮೇಲೆ, "ಹೂಂ ಅಂತಿದ್ದೆ ಅನ್ನೋದನ್ನ ಅವನಿಗೆ ಮಾತ್ರ ಹೇಳಬೇಡ. ಪಾಪ, ಒಳ್ಳೇವನು," ಎಂದ.

ಅವಳು ಹೇಳಲಿಲ್ಲ. ಡೆಲ್ಮರನನ್ನೇ ಒಪ್ಪಿದಳು. ಡೆಲ್ಮರ್ ಬರದಿದ್ದರೂ ನಿನಗೆ ಇಲ್ಲ ಅಂತಲೇ ಹೇಳುತ್ತಿದ್ದೆ ಎಂದು ಓರಿನ್‌ಗೆ ಸುಳ್ಳು ಹೇಳಿದಳು. ಓರಿನ್ ಅದನ್ನು ನಂಬಿ, ಬೇರೆಯವಳನ್ನು ಮದುವೆಯಾಗಿ, ಡೆಲ್ಮರನ ಜೀವದ ಗೆಳೆಯನಾಗಿ ಬಾಳಿದ.

*

ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಬನ್ನಿಗೆ ಹಂದಿಮಾಂಸ ಇಡುತ್ತಿದ್ದರು. ಆರ್ಡಿಸ್ ಓರಿನ್‌ನನ್ನು ಕುರ್ಚಿಗಳನ್ನಿಡುವ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು.

"ಇವತ್ತು ಅವನ ಪದಕ ಓದಬೇಕು ನೀನು."

"ಕಾಗದದಲ್ಲಿರೋದು ಓದ್ತೀನಿ."

"ಇಲ್ಲದ್ದೂ."

"ಆರ್ಡಿಸ್," ಓರಿನ್ ಟೋಪಿ ತೆಗೆದ. "ನನ್ನ ಹೆಂಡತಿ ಅಣ್ಣನಿಗೇ ನಾನು ಓದ್ಲಿಲ್ಲ. ಅವಳು ಒಂದು ವರ್ಷ ಮುಖ ತಿರುಗಿಸ್ಕೊಂಡಿದ್ಲು. ಡೆಲ್ಮರ್‌ಗೆ ಓದಬೇಕು ಅಂತ ನಂಗೆ ಆಸೆ ಇಲ್ವಾ? ಇವತ್ತು ಇವನಿಗೆ ಓದಿದ್ರೆ ನಾಳೆ ಯಾರಿಗೆ ಇಲ್ಲ ಅನ್ನಲಿ?"

"ಅವನು ಗುರುವಾರ ಬಂದ. ನೆನಪಿದೆಯಾ?"

"ಮರೆಯೋ ದಿನಾನಾ ಅದು? ಜೊತೆಗೆ ಬಿಡುಗಡೆ ಆದವರೆಲ್ಲ ಭಾನುವಾರ ಬಂದ್ರು. ಇವನೊಬ್ಬ ಹೇಗೆ ಮುಂಚೆ ಬಂದ ಅಂತ ನಂಗೆ ಆಗಲೇ…" ಓರಿನ್ ಅಲ್ಲಿಗೇ ನಿಲ್ಲಿಸಿದ. ಡೆಲ್ಮರನಿಗಿಂತ ಮೊದಲೇ ಸೈನ್ಯ ಬಿಟ್ಟ ಅವನೂ ತನ್ನ ಕಾಗದದಲ್ಲಿ ಒಂದು ಸಾಲು ಸೇರಿಸಲೆಂದು ಬಿಡುಗಡೆ ಶಿಬಿರದಲ್ಲಿ ದಿನಗಟ್ಟಲೆ ಕಾದಿದ್ದ. ತುಟಿಪಿಟಕ್ಕೆನ್ನದೆ ಸಹಿ ಹಾಕಿದವರು ಅಂದೇ ಬಸ್ಸು ಹತ್ತುವುದನ್ನು ಕಣ್ಣಾರೆ ಕಂಡಿದ್ದ.

"ಸುಮ್ನೆ ಸಹಿ ಹಾಕಿ ಬಂದ್ನಾ?"

"ಹೂಂ."

"ಎಂಥ ದಡ್ಡ! ಅಂಥಾ ಅವಸರ ಏನಿತ್ತು? ನೀನು ಹೇಗೂ ನಂಗೆ ಇಲ್ಲ ಅಂತಿದ್ದೆ."

ಸತ್ತವನ ಮಾನ ಉಳಿಸಲು ಬದುಕಿರುವವನ ಹೊಟ್ಟೆ ಉರಿಸಬೇಕು. ಬೇರೆ ದಾರಿ ಆರ್ಡಿಸ್‌ಗೆ ಕಾಣಲಿಲ್ಲ.

"ಅದು ಸುಳ್ಳು, ಓರಿನ್. ಶನಿವಾರ ನಾನು ನಿಂಗೆ ಹೂಂ ಅನ್ನೋಳಿದ್ದೆ."

ಹೊರಗೆ ಯಾರೋ ಸಾಸಿವೆ ಗೊಜ್ಜು ಎಲ್ಲಿ ಎಂದು ಕೂಗಿದರು. ಓರಿನ್ ಬಿಳಿ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಂಡ.

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಪದಕ ಕಾಗದಕ್ಕೆ ಸೇರಿಸಿ ಅಂತ ಆಗಲೇ ಯಾಕೆ ಕೇಳಲಿಲ್ಲ ಅಂತ ಅರ್ಜಿಯಲ್ಲಿ ಬರೀಬೇಕಿತ್ತು. ಅರ್ಜಿ ನಿನ್ನ ಕೈ ದಾಟಿ ಹೋಗಬೇಕಿತ್ತು. ಅದಕ್ಕೇ ಬರೀಲಿಲ್ಲ."

"ನಾನು ಆಲೂಗಡ್ಡೆ, ಆಲೂಗಡ್ಡೆ ಅಂತ…"

"ನಗ್ತಿದ್ದ, ಮನೆಗೆ ಬಂದ್ಮೇಲೂ. ನಿನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ನಂಗಿತ್ತು."

ಓರಿನ್ ಟೋಪಿ ಹಾಕಿಕೊಂಡು ಬಾಗಿಲು ತೆಗೆದು ಹೋದ. ಓದುತ್ತೇನೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಸ್ಮಶಾನಕ್ಕೆ ಹೋಗುವ ಕಾರಿನಲ್ಲಿ ಆರ್ಡಿಸ್ ಮಗಳಿಗೆ, "ಊಟ ಆದ್ಮೇಲೆ ಆ ಅರ್ಜಿ ಕೊಡು, ಎಲ್ಲಾ ಬರೀತೀನಿ," ಎಂದಳು. ಕಾರ್ಲಾ ಅಮ್ಮನ ಕೈ ಹಿಡಿದುಕೊಂಡಳು, ಅಷ್ಟೇ.

*

ಹಿಮ ಕರಗಿ ಸ್ಮಶಾನವೆಲ್ಲ ಕೆಸರು. ಸಂಘದ ಆರು ಮುದುಕರು ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ಪಾದ್ರಿ ಪ್ರಾರ್ಥನೆ ಮುಗಿಸಿ ಹಿಂದೆ ಸರಿದ ಮೇಲೆ ಓರಿನ್ ಮುಂದೆ ಬಂದು ಕಾಗದ ಬಿಡಿಸಿದ.

ಹೆಸರು ಓದಿದ. ಹುದ್ದೆ ಓದಿದ. ಅಡುಗೆಯವನು ಎಂದು ಓದಿದ. ಎಲ್ಲರಿಗೂ ಕೊಟ್ಟ ಆ ಒಂದು ಪದಕದ ಹೆಸರನ್ನೂ ಓದಿದ. ಕಾಗದ ಅಲ್ಲಿಗೆ ಮುಗಿಯಿತು. ಅವನು ಅದನ್ನು ನಿಧಾನವಾಗಿ ಮಡಿಸಿ ಜೇಬಿಗಿಟ್ಟ. ಕಾರ್ಲಾ ತಲೆ ತಗ್ಗಿಸಿದಳು.

"ಬ್ರಾಂಝ್ ಸ್ಟಾರ್," ಎಂದ ಓರಿನ್, ಕೈಯಲ್ಲಿ ಏನೂ ಇಲ್ಲದೆ, ನೇರ ಮುಂದೆ ನೋಡುತ್ತ. "ಶೌರ್ಯಕ್ಕಾಗಿ. ಮತ್ತು ಪರ್ಪಲ್ ಹಾರ್ಟ್."

ಸಾಲಿನ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಲಾ ಅಮ್ಮನ ತೋಳನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಳು.

"ಸಿದ್ಧ!" ಎಂದ ಓರಿನ್. "ಗುರಿ!"

ಬಂದೂಕುಗಳು ಮೇಲೆದ್ದವು. ಇನ್ನು ಹಾರಿಸಿ ಎನ್ನುವುದೊಂದು ಬಾಕಿ. ಓರಿನ್ ಬಾಯಿ ತೆರೆದ, ದನಿ ಬರಲಿಲ್ಲ. ಮತ್ತೆ ತೆರೆದ. ಸಾಲಿನ ಕೊನೆಯಲ್ಲಿದ್ದ ಮುದುಕನ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಬಂದೂಕಿನ ಭಾರಕ್ಕೆ ಎಲ್ಲರ ತೋಳೂ ನಡುಗತೊಡಗಿತು. ಯಾರೂ ಇಳಿಸಲಿಲ್ಲ. ಆರು ನಳಿಗೆಗಳು ಆಕಾಶಕ್ಕೆ ಮುಖಮಾಡಿ, ಅವನ ಒಂದು ಮಾತಿಗಾಗಿ ಕಾಯುತ್ತ ಅಲುಗಾಡುತ್ತಿದ್ದವು.